ನೀರು ಒಡೆಯದ ತಗಡು

ವಿಮಾನದ ಬಗ್ಗೆ ಈ ಅಂಕಣದಲ್ಲಿ ಏನೇ ಬರೆದರೂ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ. ಹೊಳೆನರಸೀಪುರದ ಮೇಷ್ಟ್ರೊಬ್ಬರು ಪತ್ರದಲ್ಲಿ ವಿನಯದಿಂದ ಕೇಳುತ್ತಾರೆ, ಚನ್ನರಾಯಪಟ್ಟಣದ ಐಟಿಐ ಹುಡುಗರು ಫೋನಿನಲ್ಲಿ ಅವಸರದಿಂದ ಕೇಳುತ್ತಾರೆ, ಹಾಸನದ ಸಂತೆಪೇಟೆಯಲ್ಲಿ ಎದುರಾದವರಂತೂ ಮುಲಾಜೇ ಇಲ್ಲದೆ ಕೇಳುತ್ತಾರೆ: “ಅಲ್ಲ ಸಾರ್, ವಿಮಾನದ ತಗಡನ್ನ ಅಂಟು ಹಾಕಿ ಅಂಟಿಸ್ತಾರಂತಲ್ಲ, ಮೇಲೆ ಹೋದ್ಮೇಲೆ ಬಿಟ್ಕೊಂಡ್ರೆ ಏನ್ ಗತಿ?” ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ಕುತೂಹಲ ಇನ್ನೂ ಹೆಚ್ಚಿದೆ. ನಮ್ಮ ಹುಡುಗರಿಗೆ ಅದು ಪಕ್ಕದ ಜಿಲ್ಲೆ. ಅಲ್ಲಿ ಕೆಲಸ ಸಿಕ್ಕೀತೇ ಎಂಬ ಆಸೆಯೂ ಪ್ರಶ್ನೆಯೊಳಗೆ ಸೇರಿಕೊಂಡಿರುತ್ತದೆ.

ಅಂಟಿಸುತ್ತಾರೆ, ನಿಜ. ಎಲ್ಲವನ್ನೂ ಅಲ್ಲ, ಆದರೆ ಜನ ಅಂದುಕೊಂಡಿರುವುದಕ್ಕಿಂತ ಬಹಳ ಹೆಚ್ಚು. ರಿವೆಟ್ ಹೊಡೆಯಬೇಕಾದರೆ ತೂತು ಕೊರೆಯಬೇಕು. ಕೊರೆದ ಪ್ರತಿ ತೂತಿನ ಅಂಚಿನಲ್ಲೂ ಬಲ ಒತ್ತೊತ್ತಾಗಿ ಸೇರುತ್ತದೆ. ವಿಮಾನ ಒಂದೊಂದು ಸಲ ಮೇಲೇರಿ ಇಳಿದಾಗಲೂ ಅದರ ಮೈ ಉಬ್ಬಿ ತಗ್ಗುತ್ತದೆ, ಆಗ ಬಿರುಕು ಹುಟ್ಟುವುದು ಆ ಅಂಚುಗಳಲ್ಲೇ. ಅಂಟಾದರೆ ಭಾರವನ್ನು ಇಡೀ ಅಗಲಕ್ಕೆ ಹಂಚುತ್ತದೆ, ತೂತಿನ ಗೊಡವೆ ಇಲ್ಲ, ಗಾಳಿ ಸೋರುವುದಿಲ್ಲ, ತೂಕವೂ ಕಡಿಮೆ. ಇನ್ನು ಕೆಲವು ಕಡೆ ರಿವೆಟ್ ಹೊಡೆಯಲು ಜಾಗವೇ ಇರುವುದಿಲ್ಲ. ಹನಿಕೋಂಬ್ ಹಲಗೆ ಅಂಥದ್ದು: ನಡುವೆ ಅಲ್ಯೂಮಿನಿಯಂ ಫಾಯಿಲ್‌ನ ಆರು ಮೂಲೆಯ ಗೂಡುಗಳು, ಮೇಲೊಂದು ಕೆಳಗೊಂದು ತೆಳು ತಗಡು. ಆ ಫಾಯಿಲ್‌ನ ಅಂಚಿಗೆ ತಗಡನ್ನು ಹಿಡಿಸಲು ಅಂಟಲ್ಲದೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು.

ಇದರ ಉದಾಹರಣೆಗೆ ಹಾಸನದವರು ದೂರ ಹೋಗಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಇನ್ಸಾಟ್-1ಎ ಮೇಲೆ ಹೋದ ಕಾಲದಿಂದ ಅಲ್ಲಿನ ದೊಡ್ಡ ಬಿಳಿ ಡಿಶ್‌ಗಳು ಆಕಾಶ ನೋಡುತ್ತಾ ಕೂತಿವೆ. ಅವು ಮಾತಾಡಿಸುವ, ನಮ್ಮಲ್ಲೇ ತಯಾರಾದ ಉಪಗ್ರಹಗಳ ಮೈಯಲ್ಲಿ ಇಂಥ ಹನಿಕೋಂಬ್ ಹಲಗೆಗಳು ಧಾರಾಳವಾಗಿವೆ. ಬೆಂಗಳೂರಿನ ಎಚ್‌ಎಎಲ್‌ನ ಏರೋಸ್ಪೇಸ್ ವಿಭಾಗ ಇಸ್ರೋಗೆ ಇಂಥ ಚೌಕಟ್ಟುಗಳನ್ನು ಮಾಡಿಕೊಟ್ಟಿದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ತಗಡು, ನಡುವೆ ಗೂಡು, ಅಂಟು. ರಾಕೆಟ್ಟಿನ ನಡುಕವನ್ನು ತಡೆದುಕೊಂಡು ಹೋಗಿ, ವರ್ಷಗಟ್ಟಲೆ ಬಿಸಿಲಲ್ಲಿ ಕಾಯ್ದು ನೆರಳಲ್ಲಿ ಕೊರೆದು ಇನ್ನೂ ಹಿಡಿದೇ ಇವೆ. ಒಂದು ಅನುಕೂಲವೂ ಅಲ್ಲಿದೆ. ಮೇಲೆ ನೀರಿಲ್ಲ. ಅಂಟಿನ ಶತ್ರು ನೀರು, ಅದರ ಮಾತು ಮುಂದೆ ಬರುತ್ತದೆ.

ಲೋಹವನ್ನು ಅಂಟಿಸುವುದು ಹೊಸ ಹುಚ್ಚೇನಲ್ಲ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬಾತ 1941ರ ಹೊತ್ತಿಗೆ ‘ರಿಡಕ್ಸ್’ ಎಂಬ ಅಂಟು ಮಾಡಿದ. ತಗಡಿಗೆ ದ್ರವ ಬಳಿದು, ಅದರ ಮೇಲೆ ಪುಡಿ ಉದುರಿಸಿ, ಬಿಸಿ ಮತ್ತು ಒತ್ತಡ ಕೊಟ್ಟು ಬೇಯಿಸುವ ಅಂಟು ಅದು. 1944ರಲ್ಲಿ ಹಾರಿದ ಡಿ ಹ್ಯಾವಿಲೆಂಡ್ ಹಾರ್ನೆಟ್ ಯುದ್ಧವಿಮಾನದಲ್ಲಿ ಅದು ಕೆಲಸ ಮಾಡಿತು. ಮುಂದೆ ಹಾಲೆಂಡಿನ ಫೋಕರ್ ಕಂಪನಿ ತನ್ನ ಎಫ್-27 ಫ್ರೆಂಡ್‌ಶಿಪ್ ವಿಮಾನವನ್ನು ಬಹುಮಟ್ಟಿಗೆ ಇದೇ ಅಂಟಿನಿಂದ ಜೋಡಿಸಿತು. ಇಂಡಿಯನ್ ಏರ್‌ಲೈನ್ಸ್ 1961ರಿಂದ ಆ ಫೋಕರ್‌ಗಳನ್ನು ಓಡಿಸಿದೆ. ಅವುಗಳಲ್ಲಿ ಕೂತು ಹೋದ ನಮ್ಮ ಹಿರಿಯರಿಗೆ ತಾವು ಅಂಟಿಸಿದ ವಿಮಾನದಲ್ಲಿದ್ದೇವೆ ಎಂದು ಯಾರೂ ಹೇಳಲಿಲ್ಲ, ಅಷ್ಟೆ. ಹೇಳದಿದ್ದುದೇ ಒಳ್ಳೆಯದಾಯಿತೇನೋ.

ಜನ ಅಂಟಿನ ಬಗ್ಗೆ ಕೇಳುತ್ತಾರೆ: ಯಾವ ಕಂಪನಿಯದು, ಎಷ್ಟು ಗಟ್ಟಿ, ಕೆ.ಜಿ.ಗೆ ಎಷ್ಟು ಬೆಲೆ. ತಗಡಿನ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ನೌಕರಿಯ ಬಹುಪಾಲು ಕಳೆದದ್ದು ಬೆಂಗಳೂರಿನ ಕಡೆಯ ಪ್ರಾಸೆಸಿಂಗ್ ಶಾಪುಗಳಲ್ಲಿ, ತಗಡು ತೊಳೆಯುವ ತೊಟ್ಟಿಗಳ ಪಕ್ಕದಲ್ಲಿ, ತಪಾಸಣೆಯ ಕೆಲಸದಲ್ಲಿ. ಅಲ್ಲಿಂದ ನೋಡಿದರೆ ಅಂಟು ಕೊನೆಯ ಸಣ್ಣ ಹೆಜ್ಜೆ. ಕೀಲು ನಿಲ್ಲುತ್ತದೋ ಬಿಡುತ್ತದೋ ಎಂಬುದು ಅಂಟಿನ ಪೊಟ್ಟಣ ಬಿಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ.

ಯಾಕೆಂದರೆ ಅಂಟು ಅಲ್ಯೂಮಿನಿಯಂಗೆ ಹಿಡಿಯುವುದೇ ಇಲ್ಲ. ಅಲ್ಯೂಮಿನಿಯಂ ಎಂದು ನಾವು ಮುಟ್ಟುವುದು ಅದರ ಆಕ್ಸೈಡನ್ನು. ಹೊಸದಾಗಿ ಕೊಯ್ದ ಲೋಹ ಗಾಳಿ ಕಂಡ ಕ್ಷಣವೇ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಅದು ಗಟ್ಟಿಯಾದದ್ದೇ, ಪಾತ್ರೆಗೂ ಕಿಟಕಿ ಚೌಕಟ್ಟಿಗೂ ಸಾಕು. ಆದರೆ ಆ ಪದರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದರ ಮೇಲೆ ಉರುಳೆಯಲ್ಲಿ ತಗಡು ಎಳೆದಾಗಿನ ಎಣ್ಣೆ, ಗೋದಾಮಿನ ಧೂಳು, ಗುರುತು ಹಾಕಿದ ಮಸಿ, ಎತ್ತಿಟ್ಟವರ ಬೆರಳಿನ ಜಿಡ್ಡು ಎಲ್ಲ ಕೂತಿರುತ್ತವೆ. ಅದರ ಮೇಲೆ ಅಂಟು ಸುರಿದರೆ ಅಂಟು ಹಿಡಿಯುವುದು ಎಣ್ಣೆಗೆ, ಎಣ್ಣೆ ಹಿಡಿಯುವುದು ಏನಕ್ಕೂ ಅಲ್ಲ. ಹಾಗಾಗಿ ಮಾಡಬೇಕಾದ ಕೆಲಸ ಎರಡು. ಹಳೆಯ ಪದರವನ್ನು ಅದರ ಮೇಲಿನ ಕೊಳೆಯ ಸಮೇತ ತೆಗೆದುಹಾಕುವುದು ಒಂದು. ಅಂಟಿಗೆ ಬೇಕಾದಂಥ ಆಕ್ಸೈಡನ್ನು ನಾವೇ ಬೆಳೆಸುವುದು ಇನ್ನೊಂದು.

ಶಾಪಿಗೆ ಬಂದ ತಗಡನ್ನು ನಮ್ಮಲ್ಲಿ ‘ಜಾಬ್’ ಎನ್ನುತ್ತಾರೆ. ಜಾಬ್ ಮೊದಲು ದ್ರಾವಕದಿಂದ ಒರೆಸಿಕೊಳ್ಳುತ್ತದೆ. ಒರೆಸುವುದಕ್ಕೂ ಒಂದು ಕ್ರಮ ಇದೆ. ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ, ದ್ರಾವಕ ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಬೇಕು. ಆರಲು ಬಿಟ್ಟರೆ ಕರಗಿದ ಎಣ್ಣೆ ಅಲ್ಲೇ ಅಗಲವಾಗಿ ಹರಡಿ ಕೂರುತ್ತದೆ, ತೆಗೆದಂತೆ ಕಾಣುತ್ತದೆ, ತೆಗೆದಿರುವುದಿಲ್ಲ. ಹೊಸದಾಗಿ ಸೇರಿದ ಹುಡುಗರು ಒಂದೇ ಬಟ್ಟೆಯಲ್ಲಿ ಗುಂಡಗೆ ಉಜ್ಜುತ್ತಾರೆ. ಒಂದೇ ದಿಕ್ಕಿಗೆ ಎಳೆಯಬೇಕು, ಬಟ್ಟೆ ಮಡಿಚಿ ಮಡಿಚಿ ಹೊಸ ಮಗ್ಗುಲು ತೋರಿಸಬೇಕು ಎಂದು ಹೇಳಿ ಹೇಳಿ ಕಲಿಸಬೇಕಾಗುತ್ತದೆ. ಆಮೇಲೆ ಬಿಸಿ ಕ್ಷಾರದ ತೊಟ್ಟಿ, ಆಮೇಲೆ ನೀರು.

ಅಲ್ಲಿ ಎಲ್ಲರೂ ಸುಮ್ಮನಾಗುವ ಅರ್ಧ ನಿಮಿಷ ಬರುತ್ತದೆ. ತೊಟ್ಟಿಯಿಂದ ಕ್ರೇನಿನಲ್ಲಿ ಮೇಲೆತ್ತಿದ ತಗಡು ನೇರವಾಗಿ ನೇತಾಡುತ್ತಿರುತ್ತದೆ. ಮೇಲಿಂದ ನೀರು ಇಳಿಯುತ್ತದೆ. ತಪಾಸಣೆಯವನು ಗಡಿಯಾರ ನೋಡುತ್ತಾ ನಿಲ್ಲುತ್ತಾನೆ. ಚೊಕ್ಕಟವಾದ ತಗಡಿನ ಮೇಲೆ ನೀರು ಒಂದೇ ಹಾಳೆಯಾಗಿ, ಎಲ್ಲೂ ಹರಿಯದೆ, ಮೂವತ್ತು ಸೆಕೆಂಡು ನಿಲ್ಲಬೇಕು. ಎಲ್ಲಿ ಜಿಡ್ಡಿನ ಕಣವಿದೆಯೋ ಅಲ್ಲಿ ನೀರು ಕೆಸುವಿನೆಲೆಯ ಮೇಲೆ ಬಿದ್ದ ಹಾಗೆ ಹಿಂಜರಿದು ಹನಿಗಟ್ಟುತ್ತದೆ. ‘ವಾಟರ್ ಬ್ರೇಕ್ ಟೆಸ್ಟ್’ ಎನ್ನುವುದು ಇದನ್ನೇ. ಶಾಪಿನಲ್ಲಿ ‘ನೀರು ಒಡೀತು’ ಅನ್ನುತ್ತಾರೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಖರ್ಚಿಲ್ಲ. ಒಮ್ಮೆ ಮೂಲೆಯಲ್ಲಿ ನೀರು ನಿಧಾನವಾಗಿ ಹಿಂದೆ ಸರಿದು, ಹೆಬ್ಬೆರಳಿನ ಗಾತ್ರದ ಒಂದು ಒಣ ಚುಕ್ಕೆ ಬಿಟ್ಟಿತು. ನೋಡನೋಡುತ್ತಾ ಅದು ಹೆಬ್ಬೆರಳಿನದೇ ಗುರುತಾಯಿತು. ಯಾರದೆಂದು ಯಾರೂ ಕೇಳಲಿಲ್ಲ. ಜಾಬ್ ವಾಪಸ್ ಮೊದಲ ತೊಟ್ಟಿಗೆ ಹೋಯಿತು.

ನೀರು ಒಡೆಯಲಿಲ್ಲ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಣ್ಣೆ ಹೋಗಿದೆ ಎಂದು ಗೊತ್ತಾಯಿತು, ಅಷ್ಟೆ. ಆಕ್ಸೈಡ್ ಹೇಗಿದೆ ಎಂದು ನೀರು ಹೇಳುವುದಿಲ್ಲ. ಮುಂದಿನದು ಆಮ್ಲದ ತೊಟ್ಟಿ. ವಿಮಾನಕ್ಕೆ ಬಳಸುವ 2024 ಎಂಬ ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗ ತಾಮ್ರ ಇರುತ್ತದೆ. ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದಾಗ ತಾಮ್ರ ಕರಗದೆ ಮೇಲೆಯೇ ಕಪ್ಪು ಮಸಿಯಾಗಿ ಉಳಿಯುತ್ತದೆ. ಬೆರಳಾಡಿಸಿದರೆ ಗ್ಲೌಸ್ ಕಪ್ಪಾಗುತ್ತದೆ. ಅದನ್ನೂ, ಹಳೆಯ ಆಕ್ಸೈಡನ್ನೂ ಆಮ್ಲ ತೆಗೆಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಎಂಬ ಮರದ ಪ್ರಯೋಗಾಲಯ ಸಲ್ಫ್ಯೂರಿಕ್ ಆಮ್ಲಕ್ಕೆ ಸೋಡಿಯಂ ಡೈಕ್ರೊಮೇಟ್ ಬೆರೆಸಿದ ಒಂದು ದ್ರಾವಣವನ್ನು ರೂಪಿಸಿತ್ತು. ದಶಕಗಳ ಕಾಲ ವಿಮಾನ ಕಾರ್ಖಾನೆಗಳ ತಗಡು ಆ ಕಿತ್ತಳೆ ಬಣ್ಣದ ಬಿಸಿ ದ್ರಾವಣದಲ್ಲಿ ಮುಳುಗೆದ್ದಿದೆ. ಮರದ ಪ್ರಯೋಗಾಲಯಕ್ಕೂ ತಗಡಿಗೂ ಏನು ಸಂಬಂಧ ಎಂದರೆ, ಅಂಟಿನ ವಿದ್ಯೆ ಬೆಳೆದದ್ದೇ ಪ್ಲೈವುಡ್ಡಿನಿಂದ. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ವ್ಯಾಂಪೈರ್ ಜೆಟ್ಟಿನ ಮೂತಿ ಮತ್ತು ಪೈಲಟ್ ಕೂರುವ ಜಾಗ ಕೂಡ ಪ್ಲೈವುಡ್ ಮತ್ತು ಬಾಲ್ಸಾ ಮರದ್ದೇ.

ಈಗ ಬೆಳೆಸುವ ಕೆಲಸ. ಬೋಯಿಂಗ್ ಕಂಪನಿ ರೂಢಿಗೆ ತಂದ ವಿಧಾನದಲ್ಲಿ ತಗಡನ್ನು ನೂರಕ್ಕೆ ಹತ್ತು ಹನ್ನೆರಡು ಭಾಗ ಫಾಸ್ಫರಿಕ್ ಆಮ್ಲವಿರುವ ತೊಟ್ಟಿಯಲ್ಲಿ ಮುಳುಗಿಸಿ, ಸುಮಾರು 10 ವೋಲ್ಟ್ ಕೊಟ್ಟು, 20ರಿಂದ 25 ನಿಮಿಷ ಬಿಡುತ್ತಾರೆ. ಬಿಸಿ ಬೇಡ, ಮಾಮೂಲಿ ಕೋಣೆಯ ಉಷ್ಣತೆ ಸಾಕು. ಆಮ್ಲ ಒಂದು ಕಡೆ ಆಕ್ಸೈಡನ್ನು ಕರಗಿಸುತ್ತಿದ್ದರೆ ವಿದ್ಯುತ್ತು ಇನ್ನೊಂದು ಕಡೆ ಅದನ್ನು ಬೆಳೆಸುತ್ತಿರುತ್ತದೆ. ಇವೆರಡರ ಎಳೆದಾಟದಲ್ಲಿ ಸುಮಾರು ಅರ್ಧ ಮೈಕ್ರಾನ್ ಎತ್ತರದ ಪದರ ಎದ್ದು ನಿಲ್ಲುತ್ತದೆ, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳ ಬಾಯಲ್ಲಿ ಮೀಸೆಯಂಥ ಮುಳ್ಳುಗಳು. ಅಂಟು ಇದರೊಳಗೆ ಇಳಿದು ಗಟ್ಟಿಯಾದರೆ ಕೀಳುವುದು ಕಷ್ಟ. ಜೊತೆಗೆ ಪದರದೊಳಗೆ ಸೇರಿಕೊಂಡ ಫಾಸ್ಫೇಟ್ ನೀರಿನ ದಾಳಿಯನ್ನು ತಡೆಯುತ್ತದೆ. ಕರೆಂಟ್ ಆಫ್ ಆದ ಮೇಲೆ ಓಡಬೇಕು. ಒಂದೆರಡು ನಿಮಿಷದೊಳಗೆ ತೊಳೆಯದಿದ್ದರೆ, ವಿದ್ಯುತ್ತಿನ ಎದುರಾಟ ಇಲ್ಲದ ಆಮ್ಲ ಬೆಳೆಸಿದ್ದನ್ನೆಲ್ಲ ಮತ್ತೆ ಕರಗಿಸತೊಡಗುತ್ತದೆ.

ಕಿಟಕಿ ಚೌಕಟ್ಟಿಗೆ ಆನೊಡೈಸ್ ಮಾಡುವವರು ಕೊನೆಗೆ ಬಿಸಿನೀರಿನಲ್ಲಿ ಅದ್ದಿ ಆ ರಂಧ್ರಗಳನ್ನು ಮುಚ್ಚುತ್ತಾರೆ, ‘ಸೀಲಿಂಗ್’ ಎನ್ನುತ್ತಾರೆ. ಹಾಗಾಗಿ ಬಣ್ಣ ಹೋಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅಂಟಿಸುವ ತಗಡಿಗೆ ಅದನ್ನು ಮಾಡಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ರಂಧ್ರಗಳು ಬಾಯಿ ತೆರೆದೇ ಇರಬೇಕು. ಬಾಯಿ ತೆರೆದಿದೆ ಎಂದರೆ ಧೂಳು, ತೇವ, ಬೆವರು ಎಲ್ಲಕ್ಕೂ ತೆರೆದಿದೆ ಎಂದೇ ಅರ್ಥ. ಅದಕ್ಕೇ ಇಲ್ಲಿಂದ ಮುಂದೆ ಯಾರೂ ಮುಟ್ಟುವಂತಿಲ್ಲ, ಸ್ವಚ್ಛವಾದ ಗ್ಲೌಸ್ ಹಾಕಿದ ಕೈ ಕೂಡ ಅಂಚನ್ನು ಮಾತ್ರ ಹಿಡಿಯಬೇಕು.

ಬೆಳೆದಿದೆಯೋ ಇಲ್ಲವೋ ಎಂದು ನೋಡುವ ಬಗೆ ನನಗೆ ಇವತ್ತಿಗೂ ಇಷ್ಟ. ತಗಡನ್ನು ಒಣಗಿಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು, ಪೋಲರೈಸಿಂಗ್ ಗಾಜಿನ ಮೂಲಕ ನೋಡಬೇಕು. ಬರಿಗಣ್ಣಿಗೆ ಬೂದು ತಗಡು. ಗಾಜು ಹಿಡಿದರೆ ನೇರಳೆಯೋ ಹಳದಿಯೋ ಹಸಿರೋ ತೇಲಿಬರುತ್ತದೆ. ಗಾಜನ್ನು ಕಾಲು ಸುತ್ತು ತಿರುಗಿಸಿದರೆ ಬಣ್ಣ ಎದುರುಬಣ್ಣವಾಗುತ್ತದೆ. ಕರೆಂಟ್ ತಲುಪದ ಜಾಗದಲ್ಲಿ ಬಣ್ಣವೇ ಇಲ್ಲ. ನಡುವೆ ಯಾರೋ ಮುಟ್ಟಿದ್ದರೆ ಅಲ್ಲಿ ಬಣ್ಣ ತಟ್ಟನೆ ಬದಲಾಗಿ ಸಿಕ್ಕಿಬೀಳುತ್ತದೆ. ಹೊಸಬರಿಗೆ ಗಾಜು ಕೊಟ್ಟು ತೋರಿಸಿದಾಗ ಅವರ ಮುಖ ನೋಡಬೇಕು.

ಆಮೇಲಿನದು ಬೇಗ ಹೇಳಬಹುದು. ಗಂಟೆಗಳ ಲೆಕ್ಕದೊಳಗೆ ಕೆಲವೇ ಮೈಕ್ರಾನ್ ದಪ್ಪದ ಹಳದಿ ಪ್ರೈಮರ್ ಸಿಂಪಡಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಈಗ ತಗಡಿನ ಬಾಯಿ ಮುಚ್ಚಿತು, ಸ್ವಲ್ಪ ಉಸಿರು ಬಿಡಬಹುದು. ಅಂಟು ಬರುವುದು ಟ್ಯೂಬಿನಲ್ಲಲ್ಲ, ಹಾಳೆಯಾಗಿ, ಮೈನಸ್ 18 ಡಿಗ್ರಿಯ ಫ್ರೀಜರಿನಿಂದ. ಫ್ರೀಜರಿನಿಂದ ತೆಗೆದ ಪೊಟ್ಟಣವನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಬೆವರಾಗಿ ಕೂರುತ್ತದೆ. ಹಾಳೆ ಹಾಸಿ, ತಗಡು ಜೋಡಿಸಿ, ಚೀಲದಲ್ಲಿಟ್ಟು ಗಾಳಿ ಹೀರಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ 120 ಅಥವಾ 177 ಡಿಗ್ರಿಗೆ ಬೇಯಿಸಿದರೆ ಆಯಿತು.

ಪೊಟ್ಟಣ ಬೇಗ ಬಿಚ್ಚಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಹವಾಯಿಯ ಒಂದು ವಿಮಾನದ ಕಥೆ ಹೇಳಬೇಕು. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹಿಲೋದಿಂದ ಹೊನೊಲುಲುವಿಗೆ ಹೊರಟಿತ್ತು. 24,000 ಅಡಿ ಎತ್ತರದಲ್ಲಿ ಅದರ ಮುಂಭಾಗದ ಚಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹಾರಿಹೋಯಿತು. ಪ್ರಯಾಣಿಕರು ಬೆಲ್ಟ್ ಕಟ್ಟಿಕೊಂಡು ಬಯಲಿನಲ್ಲಿ ಕೂತಿದ್ದರು. ಪೈಲಟ್‌ಗಳು ಅದನ್ನು ಮಾವಿ ದ್ವೀಪದ ಕಹುಲುಯಿಯಲ್ಲಿ ಇಳಿಸಿದರು. 95 ಜನರಲ್ಲಿ 94 ಮಂದಿ ಬದುಕಿದರು; ನಿಂತು ಕೆಲಸ ಮಾಡುತ್ತಿದ್ದ ಗಗನಸಖಿ ಕ್ಲಾರಾಬೆಲ್ ಲ್ಯಾನ್ಸಿಂಗ್ ಗಾಳಿಗೆ ಸೆಳೆದುಹೋದರು.

ಆ ವಿಮಾನ 1969ರದ್ದು, 89,680 ಸಲ ಹಾರಿ ಇಳಿದಿತ್ತು. ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ, ಸುತ್ತ ಸಮುದ್ರದ ಉಪ್ಪುಗಾಳಿ. ಅದರ ಮೈತಗಡುಗಳು ಒಂದರ ಮೇಲೊಂದು ಬರುವ ಕಡೆ ಅಂಟೂ ಇತ್ತು, ಮೂರು ಸಾಲು ರಿವೆಟ್ಟೂ ಇತ್ತು. ಭಾರ ಹೊರುವುದು ಅಂಟಿನ ಪಾಲು ಎಂಬ ಲೆಕ್ಕ. ಅಂಟು ನೆನೆಸಿದ ಬಟ್ಟೆಯನ್ನು ಕೊರೆಯುವ ತಂಪಿನಲ್ಲಿಟ್ಟು, ಬಳಸುವಾಗ ಕೋಣೆಯ ಉಷ್ಣತೆಯಲ್ಲೇ ಹಾಸಿ ಗಟ್ಟಿಯಾಗಲು ಬಿಡುವ ವಿಧಾನ ಅದು. ಅಮೆರಿಕದ ತನಿಖೆಯಲ್ಲಿ ತೊಂದರೆ ಬಿಚ್ಚಿಕೊಂಡಿತು. ತಗಡಿನ ಆಮ್ಲದ ತಯಾರಿ ಎಲ್ಲ ಕಡೆ ಒಂದೇ ಸಮ ಬಂದಿರಲಿಲ್ಲ. ತಣ್ಣನೆಯ ಬಟ್ಟೆಯ ಮೇಲೆ ತೇವ ಕೂತಿರುವ, ಅಂಟು ಹಾಸುವ ಮೊದಲೇ ಗಟ್ಟಿಯಾಗತೊಡಗಿರುವ ಸಂಭವವೂ ಇತ್ತು. ಇಂಥ ಕಡೆಗಳಲ್ಲಿ ಅಂಟು ಬಿಟ್ಟಿತು, ಸಂದಿಗೆ ತೇವ ಹೊಕ್ಕಿತು, ತುಕ್ಕು ಉಬ್ಬಿತು. ಅಂಟಿನ ಭಾರ ರಿವೆಟ್ಟಿನ ತೂತುಗಳ ಮೇಲೆ ಬಿತ್ತು. ತೂತಿನಿಂದ ತೂತಿಗೆ ಸಣ್ಣ ಬಿರುಕುಗಳು ಬೆಳೆದು ಒಂದು ದಿನ ಒಂದಾದವು. ಬೋಯಿಂಗ್ ಈ ತಣ್ಣನೆಯ ಅಂಟಿನ ವಿಧಾನವನ್ನು 1972ರಲ್ಲೇ ಬಿಟ್ಟಿತ್ತು. ಅದಕ್ಕೆ ಮೊದಲು ಕಟ್ಟಿದ ವಿಮಾನಗಳು ಮಾತ್ರ ಹಾರುತ್ತಲೇ ಇದ್ದವು.

ಈ ಕಥೆ ಕೇಳಿದವರು ಸಹಜವಾಗಿ ಕೇಳುವುದು: ಕಾರ್ಖಾನೆಯಿಂದ ಹೊರಡುವ ಮೊದಲೇ ಪರೀಕ್ಷೆ ಮಾಡಿ ಕಂಡುಹಿಡಿಯಬಹುದಿತ್ತಲ್ಲ? ನನಗೆ ಈ ವಿಷಯದಲ್ಲಿ ಹೇಳುವುದಿರುವುದು ಇಲ್ಲೇ. ಆಗುವುದಿಲ್ಲ. ಅಲ್ಟ್ರಾಸೌಂಡ್ ಹಾಯಿಸಿದರೆ ಅಂಟು ಇಲ್ಲದ ಖಾಲಿ ಜಾಗ ಸಿಗುತ್ತದೆ. ನಾಣ್ಯದಿಂದ ತಟ್ಟಿ ಸದ್ದು ಕೇಳಿದರೂ ಟೊಳ್ಳು ತಿಳಿಯುತ್ತದೆ. ಆದರೆ ಅಂಟು ತಗಡಿಗೆ ಒತ್ತಿಕೊಂಡೇ ಇದ್ದು, ಹಿಡಿತ ಮಾತ್ರ ಇಲ್ಲದಿದ್ದರೆ ಯಾವ ಯಂತ್ರವೂ ಅದನ್ನು ಹೇಳಲಾರದು. ರಿವೆಟ್ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ, ವೆಲ್ಡಿಂಗ್ ಎಕ್ಸ್‌ರೇಗೆ ಸಿಗುತ್ತದೆ. ಅಂಟಿನ ಕೀಲಿನ ಬಲ ತಿಳಿಯಬೇಕಾದರೆ ಅದನ್ನು ಕಿತ್ತೇ ನೋಡಬೇಕು. ಕಿತ್ತ ಮೇಲೆ ವಿಮಾನಕ್ಕೆ ಹಾಕಲು ಬರುವುದಿಲ್ಲ.

ಅದಕ್ಕಾಗಿ ಜಾಬಿನ ಜೊತೆ ಅದೇ ಲೋಹದ ಸಣ್ಣ ಪಟ್ಟಿಗಳನ್ನೂ ಅದೇ ತೊಟ್ಟಿಗಳಲ್ಲಿ ಅದೇ ಹೊತ್ತಿಗೆ ಅದ್ದಿ ಅಂಟಿಸುತ್ತಾರೆ, ‘ಕೂಪನ್’ ಎನ್ನುತ್ತಾರೆ. ಅವನ್ನು ಬರೀ ಎಳೆದು ನೋಡಿದರೆ ಸಾಲದು. ಅರೆಬರೆ ತೊಳೆದ ತಗಡು ಕೂಡ ಹೊಸದರಲ್ಲಿ ಎಳೆದಾಗ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ, ಎಷ್ಟೋ ಜನ ಮೋಸ ಹೋಗುವುದು ಅಲ್ಲೇ. ಆದ್ದರಿಂದ ಅಂಟಿಸಿದ ಎರಡು ಪಟ್ಟಿಗಳ ನಡುವೆ ಒಂದು ಬೆಣೆ ಹೊಡೆಯುತ್ತಾರೆ. ಬಿರುಕಿನ ತುದಿ ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಗೆರೆ ಎಳೆದು, 50 ಡಿಗ್ರಿ ಬಿಸಿ ಮತ್ತು ನೀರಾಡುವಷ್ಟು ತೇವ ಇರುವ ಪೆಟ್ಟಿಗೆಯಲ್ಲಿಡುತ್ತಾರೆ. ಚೆನ್ನಾಗಿ ತಯಾರಾದ ಪಟ್ಟಿಯಲ್ಲಿ ಬಿರುಕು ಕೊಂಚ ಮುಂದೆ ಹೋಗಿ ನಿಲ್ಲುತ್ತದೆ. ಕೆಟ್ಟದ್ದರಲ್ಲಿ ಓಡುತ್ತದೆ. ಆಮೇಲೆ ಪಟ್ಟಿಯನ್ನು ಪೂರ್ತಿ ಸೀಳಿ ನೋಡಬೇಕು. ಎರಡೂ ಕಡೆ ಅಂಟಿನ ಬಣ್ಣ ಇದ್ದರೆ ಹರಿದದ್ದು ಅಂಟು, ಅದು ಮರ್ಯಾದೆಯ ಸಾವು. ಒಂದು ಕಡೆ ಅಂಟು, ಇನ್ನೊಂದು ಕಡೆ ಹೊಳೆಯುವ ಬರೀ ಲೋಹ ಕಂಡರೆ ತೊಟ್ಟಿಗಳ ಹತ್ತಿರ ಏನೋ ತಪ್ಪಿದೆ. ಹೊಳೆಯುವ ಲೋಹ ಕಂಡಷ್ಟು ಹೊಟ್ಟೆ ತೊಳಸುವುದು ನಮ್ಮ ಕೆಲಸದಲ್ಲಿ ಬೇರೆ ಇಲ್ಲ.

ಕೂಪನ್ನೂ ಜಾಬಿನ ಪ್ರತಿ ಮೂಲೆಯ ಕಥೆ ಹೇಳುವುದಿಲ್ಲ. ಉಳಿಯುವುದು ರೂಟ್ ಕಾರ್ಡ್: ಯಾವ ತೊಟ್ಟಿ, ಎಷ್ಟು ಡಿಗ್ರಿ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ, ಯಾರ ಮುದ್ರೆ. ರಾತ್ರಿ ಪಾಳಿಯಲ್ಲಿ ಮೂವತ್ತು ಸೆಕೆಂಡು ನಿಜವಾಗಿ ನಿಂತು ನೋಡಿದನೋ, ಇಪ್ಪತ್ತಕ್ಕೇ ಮುದ್ರೆ ಒತ್ತಿದನೋ ಎಂಬುದು ಆ ಮನುಷ್ಯನಿಗೆ ಮಾತ್ರ ಗೊತ್ತು. ಅದಕ್ಕೇ ಈ ಬಗೆಯ ಕೆಲಸವನ್ನು ವಿಮಾನ ಉದ್ಯಮದಲ್ಲಿ ‘ಸ್ಪೆಷಲ್ ಪ್ರಾಸೆಸ್’ ಎಂದು ಬೇರೆಯಾಗಿಟ್ಟು, ನ್ಯಾಡ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯವರು ಬಂದು ತೊಟ್ಟಿ, ದಾಖಲೆ, ಜನರ ತರಬೇತಿ ಎಲ್ಲವನ್ನೂ ಜಾಲಾಡಿ ಮಾನ್ಯತೆ ಕೊಡುತ್ತಾರೆ. ನಾನು ಕೆಲಸ ಮಾಡಿದ ಒಂದು ಖಾಸಗಿ ಘಟಕದಲ್ಲಿ ಇದ್ದಕ್ಕಿದ್ದಂತೆ ದಿನಗಟ್ಟಲೆ ನೀರು ಒಡೆಯತೊಡಗಿತು. ತೊಟ್ಟಿ ಬದಲಾಯಿಸಿದರು, ನೀರು ಬದಲಾಯಿಸಿದರು, ಆಮ್ಲ ಕೊಟ್ಟವರನ್ನು ಬೈದರು. ಕೊನೆಗೆ ಸಿಕ್ಕಿದ್ದು ಕಿರುಗುಟ್ಟುವ ಬಾಗಿಲ ತಿರುಗಣಿಗೆ ಯಾರೋ ಹೊಡೆದಿದ್ದ ಸಿಲಿಕೋನ್ ಸ್ಪ್ರೇ. ಗಾಳಿಯಲ್ಲಿ ತೇಲಿಬಂದ ಅದರ ಕಣ ಸಾಕಾಗಿತ್ತು. ಸಿಲಿಕೋನ್ ಒಮ್ಮೆ ಶಾಪಿಗೆ ಹೊಕ್ಕರೆ ಓಡಿಸುವುದು ಬಲು ಕಷ್ಟ. ಕೈಗೆ ಹಚ್ಚುವ ಕ್ರೀಮು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಗರಿಗರಿ ಇಸ್ತ್ರಿಗೆ ಹಾಕುವ ಸ್ಪ್ರೇ, ಎಲ್ಲಕ್ಕೂ ಅಲ್ಲಿ ಬಾಗಿಲು ಮುಚ್ಚಿರುತ್ತದೆ.

ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಮೊಸಳೆಹೊಸಹಳ್ಳಿಯ ಸರ್ಕಾರಿ ಕಾಲೇಜು, ಶ್ರವಣಬೆಳಗೊಳದ ಬಾಹುಬಲಿ ಕಾಲೇಜು, ಎಲ್ಲ ಕಡೆಯ ಹುಡುಗರೂ ಡಿಸೈನ್ ಸಾಫ್ಟ್‌ವೇರ್ ಕಲಿಯುತ್ತೇವೆ, ಸಿಎನ್‌ಸಿ ಕಲಿಯುತ್ತೇವೆ ಎನ್ನುತ್ತಾರೆ. ಕಲಿಯಲಿ. ಆದರೆ ಬೆಳಗಾವಿ ಹತ್ತಿರ ಹತ್ತರಗಿಯ ಏಕಸ್ ಕೈಗಾರಿಕಾ ವಲಯದಲ್ಲಿ ವಿಮಾನದ ಭಾಗಗಳಿಗೆ ಆನೊಡೈಸ್ ಮಾಡುವ ಘಟಕವೇ ಇದೆ, ಬೆಂಗಳೂರಿನಲ್ಲೂ ಇವೆ. ಅಲ್ಲಿ ಬೇಕಾಗುವುದು ರಸಾಯನಶಾಸ್ತ್ರ ಗೊತ್ತಿರುವ, ಗಡಿಯಾರ ನೋಡಿ ನಿಲ್ಲುವ ತಾಳ್ಮೆಯಿರುವ ಹುಡುಗ ಹುಡುಗಿಯರು. ಐಟಿಐ ಪ್ರಯೋಗಶಾಲೆಯಲ್ಲಿ ವಾಟರ್ ಬ್ರೇಕ್ ತೋರಿಸಲು ಒಂದು ತಗಡು, ಒಂದು ಬಕೆಟ್ ಶುದ್ಧ ನೀರು ಸಾಕು. ಬೆಣೆ ಪರೀಕ್ಷೆಗೂ ದೊಡ್ಡ ಯಂತ್ರ ಬೇಡ. ಇದನ್ನು ಯಾರೂ ಯಾಕೆ ತೋರಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಇಂಥ ಘಟಕ ನಮ್ಮ ಜಿಲ್ಲೆಗೇ ಬರಲಿ ಎನ್ನುವವರಿಗೆ ನನ್ನದೊಂದು ಷರತ್ತಿದೆ. ಹಳೆಯ ವಿಧಾನಗಳಲ್ಲಿ ಬಳಸುವ ಕ್ರೋಮಿಯಂ, ಆರನೆಯ ಸ್ಥಿತಿಯದ್ದು, ಕ್ಯಾನ್ಸರ್ ತರುವಂಥದ್ದು. ಬೆಂಗಳೂರಿನ ಪೀಣ್ಯದ ಅಂತರ್ಜಲಕ್ಕೆ ಸೇರಿದ ಕ್ರೋಮಿಯಂ ಇನ್ನೂ ತಲೆನೋವಾಗಿಯೇ ಇದೆ. ಯುರೋಪಿನವರು ಕಾನೂನು ಬಿಗಿ ಮಾಡಿದ ಮೇಲೆ ತುಕ್ಕು ತಡೆಯುವ ಆನೊಡೈಸ್‌ಗೆ ಟಾರ್ಟಾರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣ, ಅಂಟಿಸುವ ಕೆಲಸಕ್ಕೆ ಫಾಸ್ಫರಿಕ್ ಮತ್ತು ಸಲ್ಫ್ಯೂರಿಕ್‌ನ ಮಿಶ್ರಣ, ದುರಸ್ತಿಗೆ ಬಳಿಯುವ ಸೋಲ್-ಜೆಲ್ ಇವೆಲ್ಲ ಬಂದಿವೆ. ಪ್ರೈಮರಿನಿಂದ ಕ್ರೋಮೇಟ್ ತೆಗೆಯುವುದು ಇನ್ನೂ ಕಷ್ಟದ ಮಾತು. ಹೇಮಾವತಿಯ ದಂಡೆಯಲ್ಲಿ ತೊಟ್ಟಿ ಇಡುವವರು ತ್ಯಾಜ್ಯನೀರಿನ ಘಟಕವನ್ನು ಮೊದಲು ಕಟ್ಟಿ, ತೊಟ್ಟಿ ಆಮೇಲೆ ಇಡಲಿ.

ಕೊನೆಯದಾಗಿ, ಅರಕಲಗೂಡಿನ ಓದುಗರೊಬ್ಬರ ಪತ್ರ. ಸಕಲೇಶಪುರದ ಕಡೆ ಅವರಿಗೊಂದು ಸಣ್ಣ ಕಾಫಿ ತೋಟವಿದೆ. ಹೂವಿಗೆ ನೀರು ಹೊಡೆಯುವ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪಿನಲ್ಲಿ ಸಣ್ಣ ತೂತು ಬಿದ್ದಿದೆ, ಅರಾಲ್ಡೈಟ್ ಹಾಕಿದ್ದು ಎರಡೇ ದಿನಕ್ಕೆ ಸಿಪ್ಪೆಯಂತೆ ಎದ್ದುಬಂತು, ವಿಮಾನಕ್ಕೆ ಹಿಡಿಯುವುದು ನನ್ನ ಪೈಪಿಗೆ ಯಾಕೆ ಹಿಡಿಯದು ಎಂದು ಕೇಳಿದ್ದಾರೆ. ಸ್ವಾಮಿ, ಪೈಪನ್ನು ಮೊದಲು ಪೂರ್ತಿ ಒಣಗಿಸಿ. ಥಿನ್ನರ್ ಹಾಕಿದ ಹೊಸ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆರುವ ಮೊದಲೇ ಇನ್ನೊಂದು ಬಟ್ಟೆಯಿಂದ ಎತ್ತಿ. ಪೆಟ್ರೋಲು ಬೇಡ, ಅದರಲ್ಲಿ ಎಣ್ಣೆಯ ಅಂಶ ಉಳಿಯುತ್ತದೆ. ಅಂಟನ್ನು ಕಲಸಿ ತೆಳುವಾಗಿ ಬಳಿಯಿರಿ. ಅದು ಹಸಿಯಾಗಿರುವಾಗಲೇ, ಕೈಗೆ ಗ್ಲೌಸ್ ಹಾಕಿಕೊಂಡು, ಎಮರಿ ಹಾಳೆಯಿಂದ ಅಂಟಿನ ಸಮೇತ ಪೈಪನ್ನು ಚೆನ್ನಾಗಿ ಉಜ್ಜಿ. ಆಗ ಹೊಸದಾಗಿ ತೆರೆದುಕೊಳ್ಳುವ ಲೋಹಕ್ಕೆ ಮೊದಲು ಸಿಗುವುದು ಗಾಳಿಯಲ್ಲ, ಅಂಟು. ಕಪ್ಪಾದ ಅಂಟನ್ನು ಒರೆಸಿ, ತಕ್ಷಣ ಹೊಸದನ್ನು ದಪ್ಪಗೆ ಹಾಕಿ, ಮಾರನೆಯ ದಿನದವರೆಗೆ ಬಿಸಿಲಿನಲ್ಲಿ ಬಿಡಿ. ಸೂಜಿತೂತಾದರೆ ಈ ಸಲದ ಹೂವಿಗೆ ಸಾಕು. ಬಿರುಕೇನಾದರೂ ಉದ್ದಕ್ಕೆ ಹೋಗಿದ್ದರೆ ಅಂಟಿನ ಆಸೆ ಬಿಟ್ಟು, ಆರ್ಗಾನ್ ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ಯಿರಿ.